ಎಡಕ್ಕೆ ಎಳೆಯುವ ಬೈಕು

ಟೊಂಕ, ಕಾಸರಕೋಡ
ಹೊನ್ನಾವರ ತಾಲೂಕು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಮಾಲತಿ,

ಕಾಗದ ನೋಡಿ ನಿನಗೆ ನಗು ಬಂದಿರಬಹುದು. ಫೋನಿರುವಾಗ ಇವಳಿಗೆ ಇದೆಂಥ ಹುಚ್ಚು ಅಂತ. ಫೋನು ಮಾಡಿದ್ದೇನಲ್ಲ, ಹದಿನೈದು ದಿನದಲ್ಲಿ ಮೂರು ಸಲ. ಮೊದಲ ಸಲ ನೀನು ಅತ್ತೆಯ ಮಂಡಿನೋವಿನ ಸುದ್ದಿ ತೆಗೆದೆ. ಎರಡನೇ ಸಲ ಒಲೆಯ ಮೇಲೆ ಹಾಲಿದೆ ಅಂದೆ. ಮೂರನೇ ಸಲ ನಿನ್ನ ಗಂಡ ಎತ್ತಿದರು. ನೀನು ಗದ್ದೆಗೆ ಹೋಗಿದ್ದೀ ಅಂದರು. ಅವರ ಬೆನ್ನ ಹಿಂದೆಯೇ ನೀನು ಕೆಮ್ಮಿದ್ದು ನನಗೆ ಕೇಳಿತು. ಒಂಬತ್ತನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವಳಿಗೆ ನಿನ್ನ ಕೆಮ್ಮು ಗೊತ್ತಾಗುವುದಿಲ್ಲವೇ?

ಅದಕ್ಕೇ ಬರೆಯಲು ಕೂತೆ. ನಮ್ಮ ಪಕ್ಕದ ಮನೆಯ ತಿಮ್ಮಿ ಈಗ ನಿಮ್ಮ ಕಾಯ್ಕಿಣಿ ಕಡೆಗೂ ಮೀನು ಮಾರಲು ಬರುತ್ತಾಳೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಕೊಡಬಾರದು ಅಂತ ಹೇಳಿ ಕಳಿಸುತ್ತಿದ್ದೇನೆ. ಓದಿ ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಸಿಟ್ಟಿನಿಂದ ಬರೆಯುತ್ತಿದ್ದೇನೋ, ಬೇಜಾರಿನಿಂದಲೋ ನನಗೇ ತಿಳಿಯುತ್ತಿಲ್ಲ. ನಿನ್ನೆ ರಾತ್ರಿ ಒಂದು ಹಾಳೆ ತುಂಬ ಬೈದು ಬರೆದಿದ್ದೆ. ಬೆಳಿಗ್ಗೆ ಓದಿದರೆ ಅದು ಬೇರೆ ಯಾರಿಗೋ ಬರೆದ ಹಾಗಿತ್ತು. ಹರಿದು ಹಾಕಿದೆ.

ನೀವು ಕೊಟ್ಟ ಬೈಕಿನ ವಿಷಯ.

ಜುಲೈ ಕೊನೆಯಲ್ಲಿ ನೀನೇ ಫೋನು ಮಾಡಿದ್ದು ನೆನಪಿದೆಯಾ? ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯಲು ನಾಲ್ಕೈದು ದಿನ ಇತ್ತು. "ನಮ್ಮವ್ರ ಬೈಕು ಕೊಡೂದು ಅದೆ, ನೀನೇ ತಕ" ಅಂದೆ. ನಾನು ನಕ್ಕೆ. ಮೂವತ್ತೊಂಬತ್ತು ವರ್ಷದ ಹೆಂಗಸು, ತಲೆ ಮೇಲೆ ಬುಟ್ಟಿ ಹೊತ್ತು, ಟೆಂಪೋದಲ್ಲಿ ಬೈಸಿಕೊಂಡು ಹೋಗುವವಳು ಬೈಕು ಹೊಡೆಯುವುದಾ ಅಂದೆ. "ಸ್ಕೂಟಿಗೆ ಎರಡು ಕ್ರೇಟು ಕಟ್ಟೂಕೆ ಆಗೂದಿಲ್ಲ ಮಾರಾಯ್ತಿ. ಗಂಡಸ್ರು ಬೈಕಲ್ಲಿ ಮೀನು ತಕಂಡು ಹೋಗೂದಿಲ್ಲನ? ನಿಂಗೆ ಎಂತ ಕಡಿಮೆ ಆಗದೆ?" ಅಂದೆಯಲ್ಲ, ಆ ಮಾತು ನನ್ನ ತಲೆಗೆ ಹೊಕ್ಕಿತು. ನನ್ನ ಗಂಡ ವಿನೋದ ದೋಣಿಗೆ ಹೋದರೆ ಎಂಟು ದಿನ ಬರುವುದಿಲ್ಲ. ಅವರಿಗೆ ಬೈಕು ಹೊಡೆಯಲೂ ಬರುವುದಿಲ್ಲ. ಕೇಳಿದಾಗ, "ನಿಂಗೆ ಧೈರ್ಯ ಇದ್ರೆ ಆತು" ಅಂದರು.

ನಿಮ್ಮ ಅಂಗಳಕ್ಕೆ ನೋಡಲು ಬಂದ ದಿನವನ್ನೇ ಈಗ ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದೇನೆ. ಬೈಕು ಒರೆಸಿ ನಿಲ್ಲಿಸಿದ್ದಿರಿ, ಹೊಸದರ ಹಾಗೆ ಹೊಳೆಯುತ್ತಿತ್ತು. ನಾನು, ಏನಾದರೂ ಬಿದ್ದದ್ದು ಗಿದ್ದದ್ದು ಉಂಟಾ ಅಂತ ಕೇಳಿದೆ. "ಒಂದು ಗೀರು ತೋರಿಸಿ ನೋಡುವಾ" ಅಂದರು ನಿನ್ನ ಗಂಡ ಶ್ರೀಧರಣ್ಣ. ಆಗ ನೀನು ಬಾಗಿಲಲ್ಲಿ ಚಾ ಹಿಡಿದು ನಿಂತಿದ್ದೆ. ನೀನೂ ಏನೋ ಹೇಳಿದೆ. ಏನು ಹೇಳಿದೆ ಅಂತ ನೆನಪಾಗುತ್ತಿಲ್ಲ. ಒಮ್ಮೊಮ್ಮೆ ನೀನು "ಇಲ್ಲ" ಅಂದ ಹಾಗೆ ಅನಿಸುತ್ತದೆ. ಒಮ್ಮೊಮ್ಮೆ, ಇಲ್ಲ ಇಲ್ಲ, ಸಕ್ಕರೆ ಸಾಕಾ ಅಂತ ಕೇಳಿದ್ದು ಅನಿಸುತ್ತದೆ. ಯಾವುದು ನಿಜ ಹೇಳು.

ಅಪ್ಸರಕೊಂಡದ ಕೆಳಗಿನ ಬಯಲಿನಲ್ಲಿ ಮಾಬ್ಲ ಮಾವ ನನಗೆ ಕಲಿಸಿದರು. ವಿನೋದನ ಸೋದರಮಾವ, ನೀನು ನಮ್ಮ ಮದುವೆಯಲ್ಲಿ ನೋಡಿದ್ದೀ. ಎಂಟೇ ದಿನದಲ್ಲಿ ಕಲಿತೆ. ಆದರೆ ಮೊದಲ ದಿನದಿಂದ ಬೈಕು ಎಡಕ್ಕೆ ಎಳೆಯುತ್ತಿತ್ತು. ನೇರ ಹೋಗಬೇಕಾದರೆ ನಾನು ಹ್ಯಾಂಡಲನ್ನು ಒಂದೇ ಸಮ ಬಲಕ್ಕೆ ಹಿಡಿದಿರಬೇಕು. ಮಾಬ್ಲ ಮಾವನಿಗೆ ಹೇಳಿದರೆ ಅವರು ಬೈಕು ಹತ್ತಿಯೂ ನೋಡಲಿಲ್ಲ. "ಹದಿನೆಂಟು ವರ್ಷ ಬುಟ್ಟಿ ಹೊತ್ತವಳಿಗೆ ಕುತ್ತಿಗೆ ಒಂದು ಬದಿಗೆ ವಾಲಿರ್ತದೆ. ನಿಂಗೆ ಗೊತ್ತಾಗೂದಿಲ್ಲ ಅಷ್ಟೇ. ಕೈ ಹೊಸತು, ರೂಢಿ ಆಗ್ತದೆ" ಅಂದರು. ಬಂದರಿನಲ್ಲಿ ಒಬ್ಬ, ಹೆಂಗಸರ ಎಡಗೈಯಲ್ಲಿ ಬಳೆ ಜಾಸ್ತಿ, ಅದಕ್ಕೇ ಎಳೆಯುತ್ತದೆ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಾತ್ರ ಎಡಗೈಯ ಬಳೆ ತೆಗೆದಿಟ್ಟೆ, ಮಾಲತಿ. ನಾಚಿಕೆಯಿಲ್ಲದೆ ನಿನಗೆ ಹೇಳುತ್ತಿದ್ದೇನೆ. ಕನ್ನಡಿಯ ಮುಂದೆ ನಿಂತು ಕುತ್ತಿಗೆ ನೆಟ್ಟಗಿದೆಯಾ ಅಂತ ನೋಡಿಕೊಂಡೆ. ಮೂರು ತಿಂಗಳು ಬಲ ಭುಜಕ್ಕೆ ಎಣ್ಣೆ ತಿಕ್ಕಿಕೊಂಡು ಮಲಗಿದೆ. ನನ್ನಲ್ಲೇ ಏನೋ ಸೊಟ್ಟ ಇದೆ ಅಂತ ಪೂರಾ ನಂಬಿಬಿಟ್ಟಿದ್ದೆ.

ಆದರೂ ಸುಖವಿತ್ತು. ಅದನ್ನೂ ಹೇಳಬೇಕು. ಟೆಂಪೋದವನ ಬೈಗುಳ ತಪ್ಪಿತು. ಎರಡು ಕ್ರೇಟು ಬಂಗಡೆ ಕಟ್ಟಿಕೊಂಡು ಸೇತುವೆ ದಾಟಿ, ಹಡಿನಬಾಳ, ಕವಲಕ್ಕಿ ಸುತ್ತಿ ಹನ್ನೊಂದಕ್ಕೆಲ್ಲ ಖಾಲಿ ಮಾಡಿ ಬರುತ್ತಿದ್ದೆ. ಹಾರ್ನ್ ಕೇಳಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಬೇಲಿಯ ದಣಪೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಬೈಕಮ್ಮ ಬಂದಳು ಅನ್ನುತ್ತಿದ್ದರು. ಪ್ರತಿ ದಿನವೂ ಒಮ್ಮೆಯಾದರೂ ನಿನ್ನ ನೆನಪು ಮಾಡಿಕೊಳ್ಳುತ್ತಿದ್ದೆ. ಮಾಲತಿ ಹೇಳದಿದ್ದರೆ ನಾನು ಇನ್ನೂ ಟೆಂಪೋದ ಮೂಲೆಯಲ್ಲೇ ಇರುತ್ತಿದ್ದೆ ಅಂತ.

ಮೊನ್ನೆ ಅಕ್ಟೋಬರ್ ಕೊನೆಯ ವಾರ, ಶರಾವತಿ ಸೇತುವೆಯ ನಡುವೆ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು. ನಾನು ಬ್ರೇಕು ಹಿಡಿದೆ. ಅಷ್ಟೇ ಮಾಡಿದ್ದು. ಬೈಕು ತಾನಾಗಿಯೇ ಎಡಕ್ಕೆ ತಿರುಗಿ ಸೇತುವೆಯ ಕಟ್ಟೆಗೆ ಉಜ್ಜಿತು. ಕಾಲಿಡುವ ಕಬ್ಬಿಣದಿಂದ ಕಿಡಿ ಹಾರಿದ್ದು ಕಣ್ಣಾರೆ ಕಂಡೆ. ನನ್ನ ಕಾಲು ಒಂದು ಗೇಣು ಈಚೆ ಇತ್ತು, ಉಳಿಯಿತು. ಒಂದು ಕ್ರೇಟು ಕಳಚಿ ಬಂಗಡೆಯೆಲ್ಲ ರಸ್ತೆ ಮೇಲೆ. ಒಬ್ಬ ರಿಕ್ಷಾದವ ನಿಲ್ಲಿಸಿ, ನನ್ನ ಜೊತೆ ಬಗ್ಗಿ ಮೀನು ಹೆಕ್ಕಿಕೊಟ್ಟ. ಪಾಪ, ಒಳ್ಳೆಯವನು. ಹೋಗುವಾಗ ಮಾತ್ರ, "ಹೆಂಗಸ್ರಿಗೆ ಇದೆಲ್ಲ ಎಂತಕ್ಕೆ ಅಕ್ಕಾ?" ಅಂತ ಕೇಳಿಯೇ ಹೋದ. ನನಗೂ ಹಾಗೇ ಅನಿಸಿತು.

ಬೈಕನ್ನು ತಳ್ಳಿಕೊಂಡು ಹೊನ್ನಾವರ ಬಂದರು ರಸ್ತೆಯ ಕೃಷ್ಣಾನಂದನ ಶೆಡ್ಡಿಗೆ ತಂದೆ. ಅವನು ಮೆಕ್ಯಾನಿಕ್, ಮಾತು ಕಡಿಮೆ. ಮುಂದಿನ ಟೈರು ನೋಡಿ, ಇದನ್ನು ಯಾವಾಗ ಹಾಕಿಸಿದ್ದು ಅಂತ ಕೇಳಿದ. ಕೊಂಡಾಗ ಹೊಸತೇ ಇತ್ತು ಅಂದೆ. ಟೈರಿನ ಒಂದೇ ಬದಿ ಸವೆದು ನುಣ್ಣಗಾಗಿತ್ತು. ಅವನು ಒಂದು ಉದ್ದ ದಾರ ತಂದ. ಹಿಂದಿನ ಚಕ್ರಕ್ಕೆ ಸುತ್ತಿ, ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆದು ಹಿಡಿದ. ಎರಡೂ ಕಡೆ ಸಮ ಜಾಗ ಇರಬೇಕಂತೆ. ಎಡಗಡೆ ದಾರ ಟೈರಿಗೆ ಅಂಟಿಕೊಂಡಿತ್ತು. ಬಲಗಡೆ ನನ್ನ ಎರಡು ಬೆರಳು ಹೋಗುವಷ್ಟು ಸಂದು.

"ಅಕ್ಕಾ, ನಿಮ್ಮ ಕೈ ಸರಿ ಅದೆ. ಗಾಡಿಯೇ ಸೊಟ್ಟ" ಅಂದ.

ಮಾಲತಿ, ನನಗೆ ಆಗ ಎಂತ ಆಯಿತು ಅಂತ ಹೇಗೆ ಬರೆಯಲಿ? ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟೆ. ಮೊದಲು ಬಂದದ್ದು ಸಂತೋಷ. ನಿಜವಾಗಿ ಸಂತೋಷ. ನನ್ನ ಕೈ ನೆಟ್ಟಗಿದೆ, ಕುತ್ತಿಗೆ ನೆಟ್ಟಗಿದೆ! ಮಾಬ್ಲ ಮಾವನನ್ನು ಎಳೆದು ತಂದು ದಾರ ತೋರಿಸಬೇಕು ಅನಿಸಿತು. ಕಣ್ಣಲ್ಲಿ ನೀರು ಬಂತು. ಕೃಷ್ಣಾನಂದ ಗಾಬರಿಯಾಗಿ ಎದುರಿನ ಅಂಗಡಿಯಿಂದ ಸೋಡಾ ತರಿಸಿದ.

ಆಮೇಲೆ ಅವನು ಟ್ಯಾಂಕಿ ಬಿಚ್ಚಿದ. ಹ್ಯಾಂಡಲ್ ಕೂರುವ ಕೊಳವೆಯ ಹತ್ತಿರ ಬಣ್ಣ ಕೆರೆದ. ಒಳಗೆ ಬೆಸುಗೆ. ಹುಳು ಹರಿದು ಒಣಗಿದ ಹಾಗೆ ಸುತ್ತ ಉಬ್ಬಿಕೊಂಡಿತ್ತು. ಚಾಸಿ ಅಂದರೆ ಗಾಡಿಯ ಎಲುಬಂತೆ. ಅದು ಒಮ್ಮೆ ಬಗ್ಗಿ, ಬಿರಿದು, ಯಾರೋ ಬೆಸೆದು, ಮೇಲೆ ಕಂಪನಿಯದೇ ಅನ್ನುವ ಹಾಗೆ ಬಣ್ಣ ಹೊಡೆದಿದ್ದಾರೆ. ಮುಂದಿನ ಫೋರ್ಕು, ಹ್ಯಾಂಡಲು ಎಲ್ಲ ಹೊಸತು ಹಾಕಿದ್ದಾರೆ, ಅದಕ್ಕೇ ಹೊರಗಿಂದ ಗೊತ್ತಾಗುವುದಿಲ್ಲ ಅಂದ. ಭಾರ ಹೇರಿ ಹೋದರೆ ಬೆಸುಗೆ ಯಾವತ್ತು ಬಿಡುತ್ತದೆ ಅಂತ ಹೇಳಲಾಗದು, ಹತ್ತಲೇಬೇಡಿ ಅಂದ. ಕೊನೆಗೆ ಟ್ಯಾಂಕಿ ವಾಪಸು ಕೂರಿಸುತ್ತ ಮೆಲ್ಲಗೆ, "ಇದು ಎದುರಿಂದ ಹೊಡೆದದ್ದು ಅಕ್ಕಾ. ಇಷ್ಟು ಬಗ್ಗಬೇಕಾದ್ರೆ ಮೇಲೆ ಕೂತವರಿಗೆ ಜೋರು ಪೆಟ್ಟಾಗಿರಬೇಕು. ಬಟ್ಟೆ ಕೊಡವಿಕೊಂಡು ಎದ್ದು ಹೋಗುವ ಹಾಗೆ ಬಿದ್ದದ್ದು ಅಲ್ಲ" ಅಂದ.

ಆ ಮಾತು ಕೇಳಿದಾಗಲೇ ನಿನ್ನ ಕೈ ನೆನಪಾದದ್ದು.

ಫೆಬ್ರವರಿಯಲ್ಲಿ ನಿನ್ನ ಎಡಗೈ ಪಟ್ಟಿಯಲ್ಲಿತ್ತು. ಗದ್ದದ ಕೆಳಗೆ ಐದು ಹೊಲಿಗೆ. ಬಾವಿಕಟ್ಟೆಯ ಹತ್ತಿರ ಪಾಚಿಯ ಮೇಲೆ ಜಾರಿದೆ ಅಂದಿದ್ದೆ. ಸುದ್ದಿ ತಿಳಿದು ನಾನು ಕಾಯ್ಕಿಣಿಗೆ ಬಂದು ಎರಡು ದಿನ ಇದ್ದೆನಲ್ಲ. ನಿನ್ನ ತಲೆ ಬಾಚಿ ಜಡೆ ಹಾಕಿದೆ. ಮುಳ್ಳು ತೆಗೆದು ಮೀನು ತಿನ್ನಿಸಿದೆ. ಬೈಕು ಎಲ್ಲಿ ಕಾಣುತ್ತಿಲ್ಲವಲ್ಲ ಅಂತ ಕೇಳಿದ್ದೂ ನೆನಪಿದೆ, ಸರ್ವಿಸಿಗೆ ಕೊಟ್ಟಿದ್ದಾರೆ ಅಂದಿದ್ದೆ. ಫೆಬ್ರವರಿಯಲ್ಲಿ ಪಾಚಿ ಎಲ್ಲಿಂದ ಬರಬೇಕು ಅಂತ ಆಗ ನನಗೆ ಹೊಳೆಯಲೇ ಇಲ್ಲ. ನೀನು ಹೇಳಿದ್ದನ್ನು ನಾನು ಯಾವತ್ತು ಅನುಮಾನಿಸಿದ್ದೇನೆ?

ಹತ್ತು ದಿನದ ಹಿಂದೆ ಬಸ್ಸು ಹಿಡಿದು ನಿಮ್ಮ ಮನೆಗೆ ಬಂದೆ. ಅತ್ತೆ ಹೇಳಿರಬಹುದು, ಹೇಳದೆಯೂ ಇರಬಹುದು. ಅವರು ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಮಾಲತಿ ಇಲ್ಲ, ಮುರುಡೇಶ್ವರಕ್ಕೆ ಹೋಗಿದ್ದಾಳೆ ಅಂದರು. ನಾನು ಬೇರೇನೂ ಕೇಳಲಿಲ್ಲ. ಬೈಕು ಯಾವತ್ತಾದರೂ ಬಿದ್ದಿತ್ತಾ ಅಮ್ಮ ಅಂತ ಅಷ್ಟೇ ಕೇಳಿದೆ. ಅವರ ಕೈ ನಿಂತಿತು. "ಇಲ್ಲ ತಂಗಿ, ಬೈಕಿಗೂ ಅದಕ್ಕೂ ಎಂತ ಸಂಬಂಧ? ಅವಳು ಬಾವಿ ಹತ್ರ ಜಾರಿದ್ದು. ನಾನೇ ಕಂಡಿದ್ದೆ" ಅಂದರು.

ನಾನು ನಿನ್ನ ಕೈಯ ಮಾತೇ ಎತ್ತಿರಲಿಲ್ಲ, ಮಾಲತಿ.

ಅವರು ನೀರು ತರಲು ಒಳಗೆ ಹೋದರು. ನಾನು ಮನೆಯ ಹಿಂದೆ ಕೈತೊಳೆಯಲು ಹೋದೆ. ಹಿತ್ತಿಲ ಬಾಗಿಲ ಹತ್ತಿರ ನಿನ್ನ ನೀಲಿ ಚಪ್ಪಲಿ ಇತ್ತು. ಬಾಗಿಲು ಒಳಗಿನಿಂದ ಹಾಕಿತ್ತು. ಕರೆಯಬೇಕು ಅನಿಸಿತು. ಕರೆಯದೆ ತಿರುಗಿ ಬಂದೆ. ನೀನು ಒಳಗಿದ್ದೆಯಾ? ಇಲ್ಲ, ಬೇರೆ ಚಪ್ಪಲಿ ಹಾಕಿ ನಿಜವಾಗಿಯೂ ಮುರುಡೇಶ್ವರಕ್ಕೆ ಹೋಗಿದ್ದೆಯಾ? ಎರಡೂ ಆಗಬಹುದು. ಅವತ್ತಿನಿಂದ ನನಗೆ ಯಾವುದನ್ನು ನೋಡಿದರೂ ಎರಡೆರಡು ಕಾಣುತ್ತದೆ.

ಅಲ್ಲಿಂದ ಸೀದಾ ಭಟ್ಕಳಕ್ಕೆ ಹೋಗಿ ನಿನ್ನ ಗಂಡನನ್ನು ಅವರು ಕೆಲಸ ಮಾಡುವ ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಕಂಡೆ. ಮೊದಲು ನಗುನಗುತ್ತ ಬಂದರು. ಬೆಸುಗೆಯ ಫೋಟೋ ತೋರಿಸಿದ ಮೇಲೆ ನಗು ಹೋಯಿತು. "ನೋಡಿಯೇ ತಕಂಡದ್ದು ಅಲ್ಲನ ಸುಚಿತಕ್ಕ? ಹಳೇ ಗಾಡಿ ಅಂದ್ರೆ ಹಳೇ ಗಾಡಿಯೇ" ಅಂದರು. ನಾನು, ನನಗೆ ಹಣ ಬೇಡ, ಅದು ಬಿದ್ದಾಗ ಹಿಂದೆ ಯಾರು ಕೂತಿದ್ದರು ಅಷ್ಟು ಹೇಳಿ ಅಂದೆ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾನು ಅದನ್ನ ಭಟ್ಕಳದಲ್ಲೇ ಬ್ರೋಕರಿಗೆ ಕೊಡೂಕೆ ಹೊರಟಿದ್ದೆ. ಸುಚಿತಾಗೇ ಕೊಡಿ ಹೇಳಿ ಹಟ ಹಿಡಿದದ್ದು ನಿಮ್ಮ ಗೆಳತಿ. ಅವಳಿಗೇ ಕೇಳಿ." ಬೆಳಿಗ್ಗೆ ಹನ್ನೊಂದು ಗಂಟೆ. ಅವರ ಬಾಯಿಂದ ಸಾರಾಯಿಯ ವಾಸನೆ ಬರುತ್ತಿತ್ತು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಯಾಕೆ ನನಗೇ?

ನನಗೆ ಹೊಳೆದದ್ದೆಲ್ಲ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನಿನಗೆ ಬೈಕು ಬಿದ್ದದ್ದು ಗೊತ್ತು, ಗಾಡಿಯ ಎಲುಬು ಮುರಿದದ್ದು ಗೊತ್ತಿರಲಿಲ್ಲ. ಹೀಗಿದ್ದರೆ ನನಗೆ ನಿದ್ದೆ ಬರುತ್ತದೆ. ಅಥವಾ, ಅದು ಒಮ್ಮೆ ಮನೆಯಿಂದ ತೊಲಗಿದರೆ ಸಾಕಾಗಿತ್ತು ನಿನಗೆ. ಗಂಡ ಕುಡಿದು ಅದನ್ನು ಹತ್ತುವುದು ನಿಲ್ಲಲಿ ಅಂತ, ಬ್ರೋಕರಿಗಿಂತ ಬೇಗ ಕೊಳ್ಳುವವಳು ನಾನು ಅಂತ. ಹೀಗಿದ್ದರೆ ನಿನ್ನ ಕಷ್ಟ ಅರ್ಥವಾಗುತ್ತದೆ. ಆದರೆ ಎರಡು ಕ್ರೇಟು ಹೇರಿಕೊಂಡು ಸೇತುವೆ ದಾಟುವವಳು ನಾನು ಅಂತಲೂ ನಿನಗೆ ಗೊತ್ತಿತ್ತು. ಇನ್ನೂ ಒಂದು ಹೊಳೆಯುತ್ತದೆ, ಬರೆಯಲು ಹೆದರಿಕೆ. ಬಾಯಿಬಿಟ್ಟು ಹೇಳಲಾಗದ್ದನ್ನು ಇವಳಾದರೂ ಒಂದು ದಿನ ಕಂಡುಹಿಡಿದು ಬಂದು ಕೇಳಲಿ ಅಂತ ಬೈಕನ್ನು ಕಳಿಸಿದೆಯಾ? ಹಾಗಿದ್ದರೆ ನಾನು ಬಂದಾಗ ಬಾಗಿಲು ಯಾಕೆ ತೆಗೆಯಲಿಲ್ಲ?

ನೋಡು, ಒಂದು ಸಾಲಿನಲ್ಲಿ ನಿನ್ನ ಮೇಲೆ ಕನಿಕರ ಬರುತ್ತದೆ, ಮುಂದಿನ ಸಾಲಿನಲ್ಲಿ ಆ ಕಿಡಿ ಹಾರಿದ್ದು ಕಾಣುತ್ತದೆ. ನಾನು ಹೋಗಿದ್ದರೆ ವಿನೋದ ದೋಣಿಯಿಂದ ಇಳಿದು ಯಾರ ಮುಖ ನೋಡಬೇಕಿತ್ತು? ಇದನ್ನು ನೀನು ಒಮ್ಮೆಯಾದರೂ ಯೋಚಿಸಿರಬೇಕು. ಯೋಚಿಸಿಯೂ ಫೋನಿನಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತೀಯಲ್ಲ ಅಂತ ವಾರವಾರವೂ ಕೇಳುತ್ತಿದ್ದೆ. ಆಗ ನಾನು ಪ್ರೀತಿ ಅಂದುಕೊಂಡೆ. ಈಗ ಅದನ್ನು ಏನಂತ ಕರೆಯಬೇಕೋ ಗೊತ್ತಿಲ್ಲ. ಪ್ರೀತಿಯೇ ಇರಬೇಕು. ಪ್ರೀತಿಯೂ ಇತ್ತು ಅನ್ನಲಾ?

ಐಸ್ ಫ್ಯಾಕ್ಟರಿಯ ಎದುರು ಹೊಸ ಬೈಕು ನಿಂತಿತ್ತು. ಕೀಲಿ ಅವರ ಬೆರಳಲ್ಲಿತ್ತು. ಹಿಂದಿನ ಸೀಟಿನಲ್ಲಿ ನೀನು ಕೂರುತ್ತೀಯಾ, ಮಾಲತಿ? ಬೇರೆ ಯಾವುದಕ್ಕೂ ಉತ್ತರ ಕೊಡದಿದ್ದರೂ ಇದಕ್ಕೆ ಕೊಡು. ಬಸ್ಸಿಲ್ಲದಿದ್ದರೆ ನಡೆ. ರಿಕ್ಷಾ ಹಿಡಿ. ಕೂರಬೇಡ.

ನನ್ನ ಸುದ್ದಿ ಹೇಳಬೇಕೆಂದರೆ, ಮತ್ತೆ ಟೆಂಪೋ. ಬೈಕು ಮನೆಯ ಬದಿಯಲ್ಲಿ ತಾಡಪಾಲಿನ ಕೆಳಗಿದೆ. ಕುಮಟಾದಿಂದ ದೇವರಾಜ ಅಂತ ಒಬ್ಬ ಹುಡುಗ ಶುಕ್ರವಾರ ನೋಡಲು ಬಂದಿದ್ದ. ಓಂ ಬೀಚಿನ ಒಂದು ಗೆಸ್ಟ್ ಹೌಸಿನಲ್ಲಿ ಅಡುಗೆ ಕೆಲಸವಂತೆ, ದಿನಾ ಹೋಗಿ ಬರಲು ಬೇಕಂತೆ. ಯೋಚಿಸಿ ಹೇಳುತ್ತೇನೆ ಅಂದು ಕಳಿಸಿದ್ದೇನೆ. ವಿನೋದ ಇನ್ನೂ ಸಮುದ್ರದಲ್ಲಿದ್ದಾರೆ, ಅವರಿಗೆ ಇದ್ಯಾವುದೂ ಗೊತ್ತಿಲ್ಲ.

ಬುಧವಾರ ನಾನು ಮೀನಿಗೆ ಹೋಗುವುದಿಲ್ಲ. ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಡಾಕ್ಟರಿಗೆ ಕೈ ತೋರಿಸಬೇಕು ಅಂತ ಹೇಳಿ ಬಾ. ಈಗಲೂ ಚಳಿಗೆ ನೋಯುತ್ತದೆ ಅಂದಿದ್ದೆಯಲ್ಲ, ಅದು ಸುಳ್ಳೇನೂ ಆಗುವುದಿಲ್ಲ. ನಾನು ಏನೂ ಕೇಳುವುದಿಲ್ಲ ಅಂತ ಬರೆಯಬೇಕೆಂದಿದ್ದೆ, ಆದರೆ ಕೇಳುತ್ತೇನೆ. ಜಗಳವನ್ನೂ ಮಾಡುತ್ತೇನೆ. ಊಟ ಮಾಡಿಸಿಯೇ ಕಳಿಸುತ್ತೇನೆ. ಉಳಿಯುವುದಾದರೆ ಉಳಿ, ಎಷ್ಟು ದಿನ ಅಂತ ಯಾರೂ ಕೇಳುವವರಿಲ್ಲ.

ಇನ್ನೂ ನಿನ್ನವಳೇ ಆದ,
ಸುಚಿತಾ

ಮತ್ತೆ: ಕಾಗದ ಮಡಚಿ ತಿಮ್ಮಿಗೆ ಕೊಡಲು ಹೊರಟವಳು ವಾಪಸು ಬಂದು ಕೂತಿದ್ದೇನೆ. ದೇವರಾಜನ ವಿಷಯ ಮೇಲೆ ಬರೆದದ್ದು ನಿಜವಲ್ಲ. ಕೃಷ್ಣಾನಂದ ಕೆರೆದ ಜಾಗಕ್ಕೆ ನಮ್ಮ ದೋಣಿಯ ಕಪ್ಪು ಬಣ್ಣ ಹಚ್ಚಿದವಳು ನಾನೇ, ಗುರುವಾರ ಸಂಜೆ. ಶುಕ್ರವಾರ ಆ ಹುಡುಗ, ಇದು ಬಿದ್ದದ್ದಾ ಅಕ್ಕಾ ಅಂತ ಕೇಳಿದ. ಇಲ್ಲ ಅಂದೆ. ಒಂದು ಚೂರೂ ತಡವರಿಸಲಿಲ್ಲ, ಮಾಲತಿ. ಮುಂಗಡ ಕೊಟ್ಟು, ನನಗೆ ಕೈಮುಗಿದು ಹೋದ. ನಿನಗೆ ಇಷ್ಟೆಲ್ಲ ಬರೆದ ಮೇಲೆ, ಈಗ ಸ್ವಲ್ಪ ಹೊತ್ತಿನ ಮುಂಚೆ ಅವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಮುಂಗಡ ನಾಳೆಯೇ ವಾಪಸು ಕೊಡುತ್ತೇನೆ ಅಂದೆ. ಕಾಗದಪತ್ರ ರದ್ದು ಮಾಡಿಸಿ, ಚಾಸಿಯನ್ನು ಕೃಷ್ಣಾನಂದನ ಕೈಯಲ್ಲಿ ಎರಡು ತುಂಡು ಮಾಡಿಸುತ್ತೇನೆ. ಹುಡುಗ ಬೈಯಲಿಲ್ಲ. "ಮತ್ತೆ ಅವತ್ತು ಎಂತಕ್ಕೆ ಇಲ್ಲ ಹೇಳಿದ್ರಿ ಅಕ್ಕಾ?" ಅಂತ ಕೇಳಿದ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದ. ನಾನು ಮುಂಗಡದ ಮಾತನ್ನೇ ಮತ್ತೊಮ್ಮೆ ಹೇಳಿದೆ. ಅವನು ಆಯಿತು ಅಂದು ಫೋನು ಇಟ್ಟ. ಬುಧವಾರ ತಪ್ಪಿಸಬೇಡ.